ಬಡಿಗಲ್ಲಿನ ಹೊಳೆ

ನಮ್ಮ ಹೊಳೆಯ ಹೆಸರು ತ್ರೊಂಡೆಕ್. ಬಡಿಗಲ್ಲಿನ ನೀರು ಎಂದರ್ಥ. ಸಾಲ್ಮನ್ ಮೀನು ಏರಿ ಬರುವ ಮೊದಲು ಹೊಳೆ ದೊಡ್ಡ ನದಿಗೆ ಸೇರುವ ಬಾಯಲ್ಲಿ ಗೂಟಗಳನ್ನು ಕಲ್ಲಿನಿಂದ ಬಡಿದು, ಮೀನು ತಡೆದು ಹಿಡಿಯಲು ಬೇಲಿ ಕಟ್ಟುತ್ತಿದ್ದೆವು. ಹೆಸರು ಬಂದದ್ದು ಆ ಕೆಲಸದಿಂದ. ಚಿನ್ನಕ್ಕೆಂದು ಬಂದ ಬಿಳಿಯರಿಗೆ ನಾಲಿಗೆ ಹೊರಳದೆ ಅದು ಕ್ಲೊಂಡೈಕ್ ಆಯಿತು.

ನಾನು ಬಲ್ಲಂತೆ ಆ ಕಲ್ಲು ಹಿಡಿಯುತ್ತಿದ್ದವನು ನನ್ನ ಅಪ್ಪ ಸೈಲಸ್. ಅವನು ಬಡಿದ ಗೂಟವನ್ನು ಇಬ್ಬರು ಜಗ್ಗಿದರೂ ಕದಲುತ್ತಿರಲಿಲ್ಲ. ವಸಂತದಲ್ಲಿ ಮಂಜುಗಡ್ಡೆ ಒಡೆದು ಹರಿಯುವಾಗ ಮಾತ್ರ ಎಲ್ಲ ಕಿತ್ತುಹೋಗುತ್ತಿತ್ತು. ಬೇಸಿಗೆಗೆ ಮತ್ತೆ ಹೊಸದು. ಗೂಟವೆಂದರೆ ಒಂದು ವರ್ಷದ್ದು, ನಮಗೆ ಗೊತ್ತಿದ್ದದ್ದು ಅಷ್ಟೇ.

ಚಿನ್ನ ಸಿಕ್ಕ ಆ ಶರತ್ಕಾಲದಲ್ಲಿ, ನಾವು ಮೀನು ಒಣಗಿಸುವ ದಡಕ್ಕೆ ಒಬ್ಬ ಬಿಳಿಯ ಬಂದ. ಈ ಜಾಗ ತನ್ನದೆಂಬ ಗುರುತಿಗೆ ನಾಲ್ಕು ಮೂಲೆಗೆ ಗೂಟ ಬಡಿದುಕೊಡು ಎಂದು ಅಪ್ಪನಿಗೆ ಸನ್ನೆ ಮಾಡಿದ. ಅಪ್ಪ ಕಲ್ಲು ಎತ್ತಿಕೊಂಡ. ಅವ್ವ ಅಡ್ಡ ನಿಂತಳು.

"ಏಯ್ ಮುದುಕ, ನಮ್ಮಂಗಳಕ್ಕೆ ನೀನೇ ಗೂಟ ಹೊಡೀತೀಯಾ?"

"ಇರ್ಲಿ ಬಿಡೇ. ಮಂಜುಗಡ್ಡೆ ಹೋಗೋವಾಗ ಇವೂ ಹೋಗ್ತವೆ. ಪಾಪ, ಅವನಿಗೇನ್ ಗೊತ್ತು?"

"ನಿಂಗ್ ಭಾಳ ಗೊತ್ತು."

ಅಪ್ಪ ಕೆಲಸಗಳ್ಳನಲ್ಲ. ಹೊಳೆಗೆ ಬಡಿಯುವಷ್ಟೇ ಆಳಕ್ಕೆ ಬಡಿದ. ಬಿಳಿಯ ಒಂದು ತುಂಡು ಉಪ್ಪುಮಾಂಸ ಕೊಟ್ಟ. ಅದನ್ನು ಅವ್ವ ನಾಯಿಗಳಿಗೆ ಹಾಕಿದಳು.

ಚಳಿಗಾಲದಲ್ಲಿ ಗೂಟಗಳ ನಡುವೆ ಮರದ ಮನೆಗಳೆದ್ದವು. ನಾವು ದೊಡ್ಡ ನದಿಯ ಕೆಳದಂಡೆಯಲ್ಲಿ ಮೂಸ್‌ಹೈಡ್ ಎಂಬಲ್ಲಿಗೆ ಸರಿದೆವು. ಜನ ಗೊಣಗಿದಾಗಲೆಲ್ಲ ಅಪ್ಪ, ಗಡ್ಡೆ ಒಡೆಯಲಿ, ವಾಪಸ್ ಹೋಗೋಣ ಎನ್ನುತ್ತಿದ್ದ. ಜನ ನಂಬಿದರು. ಗೂಟದ ವಿಷಯದಲ್ಲಿ ಅವನ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ.

ಗಡ್ಡೆ ಒಡೆಯಿತು. ನೀರು ತಿಳಿಯಾಗುವುದಕ್ಕೂ ಕಾಯದೆ ಅಪ್ಪ ಕಲ್ಲನ್ನು ದೋಣಿಯಲ್ಲಿಟ್ಟು ನನ್ನನ್ನೂ ಕರೆದುಕೊಂಡು ಹೊರಟ. ಹೊಳೆಯ ಬಾಯಲ್ಲಿ ನಮ್ಮ ಬೇಲಿಯ ಒಂದು ಗೂಟವೂ ಉಳಿದಿರಲಿಲ್ಲ. ದಡದ ಮೇಲೆ ನಾಲ್ಕೂ ನಿಂತಿದ್ದವು. ಗಡ್ಡೆ ಅಲ್ಲಿಯವರೆಗೆ ಏರಿರಲೇ ಇಲ್ಲ.

ಅಪ್ಪ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಮತ್ತೆ ಜಗ್ಗಿದ. ಮನೆಯೊಳಗಿಂದ ಆ ಬಿಳಿಯ ಹೊರಬಂದ, ಗುರುತು ಹಿಡಿದು ನಕ್ಕ, ಒಳ್ಳೆಯ ಕೆಲಸ ಎಂಬಂತೆ ಅಪ್ಪನ ಭುಜ ತಟ್ಟಿದ. ಆಮೇಲೆ ದೋಣಿಯ ಕಡೆ ಕೈ ತೋರಿಸಿದ.

ಹಿಂದಿರುಗುವಾಗ ಅಪ್ಪ ಒಂದೇ ಮಾತು ಹೇಳಿದ. "ಸಡಿಲ ಬಡೀಬಹುದಿತ್ತು ಮಗಾ."

ಮೂಸ್‌ಹೈಡ್‌ನಲ್ಲಿ ದೊಡ್ಡ ನದಿ ಆಳ, ಗೂಟ ನಿಲ್ಲುವುದಿಲ್ಲ. ಆ ಕಲ್ಲಿನಿಂದ ಅವ್ವ ಎಲುಬು ಜಜ್ಜಿ ಕೊಬ್ಬು ತೆಗೆಯತೊಡಗಿದಳು. ಹೊಳೆಯ ಹೆಸರು ಈಗ ಲೋಕಕ್ಕೆಲ್ಲ ಗೊತ್ತಂತೆ. ಅಪ್ಪ ಮಾತ್ರ ಸಾಯುವವರೆಗೂ ತ್ರೊಂಡೆಕ್ ಎಂಬ ಮಾತನ್ನು ಬಾಯಿಂದ ಆಡಲಿಲ್ಲ. ಹೇಳಲೇಬೇಕಾದಾಗ 'ಆ ನೀರು' ಎನ್ನುತ್ತಿದ್ದ.