ರತ್ನಕ್ಕನ ಪಾಸ್‌ವರ್ಡ್

ಆ ಫೈಲುಗಳನ್ನು ಅಳಿಸಿದ್ದು ನಾನು, ರತ್ನಕ್ಕ. ನೀವಲ್ಲ.

ಮೊದಲೇ ಇಷ್ಟನ್ನು ಹೇಳಿಬಿಡುತ್ತೇನೆ. ಮಾತು ಬೆಳೆಸಲು ಬಿಟ್ಟರೆ ನಾನು ಯಾವುದನ್ನು ಬೇಕಾದರೂ ಸಾಧಿಸಿ ತೋರಿಸುವವನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ಗೆದ್ದವನು, ವಿರೋಧವಾಗಿಯೂ ಗೆದ್ದವನು.

ಅಂಧೇರಿಯ ಆ ಆಫೀಸಿಗೆ—ಹಡಗಿನಲ್ಲಿ ಬಂದ ಸರಕನ್ನು ಬಿಡಿಸಿಕೊಡುವ ಕಂಪನಿ—ನನ್ನನ್ನು ಸೇರಿಸಿದ್ದು ನೀವೇ. ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಎದುರುಬದುರು ಬಾಗಿಲು. ದಿನಾ ಒಂದೇ ಬಸ್ಸು. ನಿಮ್ಮ ಚೀಲದಲ್ಲಿ ನನಗೂ ಒಂದು ಡಬ್ಬಿ. ಮೈಸೂರು ಬಿಟ್ಟು ಬಂದಾಗಿನಿಂದ ಟೈಪ್‌ರೈಟರಿನ ಮುಂದೆಯೇ ಕೂತವರು ನೀವು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಗಳ ಮೇಲೆ—ಕೆಳಗೆ ನೋಡಿದ್ದೇ ಇಲ್ಲ. ಕಂಪ್ಯೂಟರ್ ಬಂದಾಗಲೂ ಆ ಬೆರಳುಗಳು ಅಂಜಲಿಲ್ಲ, ಪಾಸ್‌ವರ್ಡ್ ಒಂದನ್ನು ಬಿಟ್ಟು.

"ಒತ್ತಿದ್ದು ಕಾಣೋದೇ ಇಲ್ವಲ್ಲೋ! ಕತ್ತಲಲ್ಲಿ ರಂಗೋಲಿ ಹಾಕು ಅಂದಹಾಗಾಯ್ತು."

ಮೂರು ಸಲ ತಪ್ಪಿದರೆ ಮೇಜಿನ ಮೇಲಿನ ಟರ್ಮಿನಲ್ ಮುನಿಸಿಕೊಂಡು ಮುಚ್ಚಿಕೊಳ್ಳುತ್ತಿತ್ತು. ಮ್ಯಾನೇಜರ್ ಸಾವಂತರೇ ಬಂದು ತೆರೆಯಬೇಕು. ಅದರ ಮೇಲೆ ತಿಂಗಳಿಗೊಂದು ಹೊಸ ಪಾಸ್‌ವರ್ಡ್. ನೀವು ಅಡುಗೆಮನೆಯ ಹೆಸರುಗಳಿಗೆ ಮೊರೆಹೋದಿರಿ. "ಗೊಜ್ಜು ಸಾಲದಂತೆ ಕಣೋ ಇದಕ್ಕೆ, ಇನ್ನೂ ಉದ್ದ ಬೇಕಂತೆ. ಬಿಸಿಬೇಳೆ ಬಡಿಸ್ದೆ, ತಿಂತು!"

ಪಾಸ್‌ವರ್ಡ್ ಅಂದರೆ ಶನಿವಾರ ಅಂಗಡಿ ಬಾಗಿಲಿಗೆ ಕಟ್ಟುವ ನಿಂಬೆಹಣ್ಣು-ಮೆಣಸಿನಕಾಯಿ, ಅದರಿಂದ ಯಾವ ಕಳ್ಳನೂ ನಿಲ್ಲುವುದಿಲ್ಲ ಎಂದು ಇಡೀ ಆಫೀಸಿನಲ್ಲಿ ವಾದಿಸುತ್ತಿದ್ದವನು ನಾನು. ಹಾಗಾಗಿ ನಿಮ್ಮ ಹೆಸರು, ಪಾಸ್‌ವರ್ಡ್ ಎರಡನ್ನೂ ನಿಮ್ಮ ಟರ್ಮಿನಲ್ಲಿನ ಒಂದೇ ಕೀಲಿಯಲ್ಲಿ ತುಂಬಿಟ್ಟೆ. ಅದನ್ನು ಒತ್ತಿದರೆ ಸಾಕು, ಒಳಗೆ. ನಿಯಮಕ್ಕೆ ವಿರುದ್ಧ—ಇಬ್ಬರಿಗೂ ಗೊತ್ತಿತ್ತು. ನೀವು ನನ್ನ ಕೆನ್ನೆ ಹಿಂಡಿದಿರಿ. "ನಾಸ್ತಿಕ ಆದ್ರೂ ಒಳ್ಳೇ ಮಂತ್ರ ಹಾಕ್ದೆ ಬಿಡು."

ಆ ಮಧ್ಯಾಹ್ನ ನೀವು ಡಬ್ಬಿ ತೊಳೆಯಲು ಹೋಗಿದ್ದಿರಿ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಹಳೆಯ ಫೈಲುಗಳನ್ನು ತೆಗೆಯುವ ಕೆಲಸ ನಮ್ಮಿಬ್ಬರಿಗೂ ಬಂದಿತ್ತು. ನಿಮ್ಮ ಕುರ್ಚಿಯಲ್ಲಿ ಕೂತು ಆ ಕೀಲಿ ಒತ್ತಿದೆ. ಏಕೆ? ನನ್ನ ಪಾಸ್‌ವರ್ಡ್ ಹಾಕಲು ಸೋಮಾರಿತನ. ಅಷ್ಟೇ. ಹೋದ ತಿಂಗಳಿನವೆಂದುಕೊಂಡು, ನಡೆಯುತ್ತಿದ್ದ ತಿಂಗಳ ಡೆಲಿವರಿ ಆರ್ಡರುಗಳನ್ನೆಲ್ಲ—ಸರಕು ಬಿಡಿಸಲು ಬೇಕಾದ ಕಾಗದಗಳನ್ನು—ಅಳಿಸಿದೆ. ನೀವು ಬರುವಷ್ಟರಲ್ಲಿ ಎದ್ದಿದ್ದೆ.

ಬೆಳಿಗ್ಗೆ ಗೊತ್ತಾಯಿತು. ಅಳಿಸಿದವರ ಹೆಸರೆಂದು ಕಂಪ್ಯೂಟರ್ ತೋರಿಸಿದ್ದು ನಿಮ್ಮದನ್ನು. ಆ ಗದ್ದಲದಲ್ಲಿ ನಾನು ಮೊದಲು ಮಾಡಿದ್ದು—ನಿಮ್ಮ ಟರ್ಮಿನಲ್ಲಿನ ಆ ಕೀಲಿಯನ್ನು ಖಾಲಿ ಮಾಡಿದ್ದು.

"ರತ್ನಾಬಾಯಿ, ತುಮ್ಚಾ ಪಾಸ್‌ವರ್ಡ್ ಆಣಖೀ ಕೋಣಾಲಾ ಮಾಹೀತ್ ಆಹೇ?" ಬೇರೆ ಯಾರಿಗೆ ಗೊತ್ತು ಎಂದು ಸಾವಂತರು ಕೇಳಿದರು.

"ಕೋಣಾಲಾಚ್ ನಾಹೀ, ಸಾಹೇಬ್." ಯಾರಿಗೂ ಇಲ್ಲ.

ನೀವು ನನ್ನತ್ತ ನೋಡಲಿಲ್ಲ. ನನ್ನ ಕೆಲಸ ಉಳಿಸಲು ಹಾಗೆ ಹೇಳಿದಿರೋ, ಅಥವಾ—ಇದು ಇನ್ನೂ ಹೆಚ್ಚು ಚುಚ್ಚುತ್ತದೆ—'ಬೇರೆಯವರು' ಎಂಬ ಲೆಕ್ಕಕ್ಕೆ ನಾನು ಬರುತ್ತಲೇ ಇರಲಿಲ್ಲವೋ.

ಸಾವಂತರು ನನ್ನ ಕಡೆ ತಿರುಗಿದರು. "ಕ್ಯೂಂ ವಕೀಲ್‌ಸಾಬ್, ಕೋಯೀ ಔರ್ ಘುಸ್ ಸಕತಾ ಹೈ ಕ್ಯಾ?" ಬೇರೆಯವರು ನುಗ್ಗಿರಬಹುದೇ? ನನ್ನ ನಿಂಬೆಹಣ್ಣಿನ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಭೆ ಸಿಗುತ್ತಿರಲಿಲ್ಲ. ನಾನು ಎದುರು ಪಕ್ಷಕ್ಕೆ ಜಿಗಿದೆ.

"ನಹೀಂ ಸರ್. ಪಾಸ್‌ವರ್ಡ್ ಮತ್ಲಬ್ ದಸ್ತಖತ್." ಪಾಸ್‌ವರ್ಡ್ ಎಂದರೆ ಸಹಿ.

ಗೆದ್ದೆ. ನಿಮ್ಮನ್ನು ಕಂಪ್ಯೂಟರಿನಿಂದ ಎಬ್ಬಿಸಿದರು. ನಿವೃತ್ತಿಯವರೆಗೂ ಅಂಚೆಯ ಮೇಜಿನಲ್ಲಿ ಲಕೋಟೆ ಅಂಟಿಸಿದಿರಿ. ಅಂದು ಸಂಜೆ ಬಸ್ಸಿನಲ್ಲಿ ನೀವೇ ನನಗೆ ಸಮಾಧಾನ ಹೇಳಿದಿರಿ—"ಕೀಲಿ ವಿಷಯ ಯಾರಿಗೂ ಹೇಳ್ಬೇಡ, ನಿನ್ನ ಕೆಲಸ ಹೋದೀತು. ನನ್ನ ಬೆರಳೇ ಎಡವಿರ್ಬೇಕು." ಮರುದಿನವೂ ನನಗೆ ಡಬ್ಬಿ ಬಂತು. ತಿಂದೆ.

ನಾನು ಕಸಿದದ್ದು ಒಂದು ಕುರ್ಚಿಯನ್ನು ಎಂದುಕೊಂಡಿದ್ದೆ, ಇಷ್ಟು ವರ್ಷ. ಹೋದ ವಾರ ನಿಮ್ಮ ಮನೆಗೆ ಬಂದಾಗ ಬಿಲ್ಡಿಂಗಿನ ಗಣಪತಿ ಕಾರ್ಯಕ್ರಮದ ಆಹ್ವಾನವನ್ನು ಟೈಪ್ ಮಾಡುತ್ತಿದ್ದಿರಿ. ಒಂದೊಂದು ಅಕ್ಷರಕ್ಕೂ ತಲೆ ತಗ್ಗಿಸಿ, ಹುಡುಕಿ, ಒತ್ತಿ... ನಾನು ನೋಡುತ್ತಿದ್ದುದನ್ನು ಕಂಡು ನಕ್ಕಿರಿ. "ಈಗ ನೋಡ್ಕೊಂಡೇ ಒತ್ತೋದು ಕಣೋ. ಈ ಬೆರಳನ್ನ ನಂಬೋ ಹಾಗಿಲ್ಲ."

ಇದನ್ನು ಬರೆಯುತ್ತಿರುವುದು ಅದಕ್ಕೇ. ಪರವಾಗಿಯೂ ಅಲ್ಲ, ವಿರೋಧವಾಗಿಯೂ ಅಲ್ಲ.

ಇವತ್ತು ಸಾವಂತರ ಮನೆ ಹುಡುಕಿಕೊಂಡು ಹೋಗಿ ಎಲ್ಲವನ್ನೂ ಹೇಳಿ ಬಂದೆ. ಇನ್ನು ಈ ಹಾಳೆಯನ್ನು ಹಿಡಿದು ನಿಮ್ಮ ಬಾಗಿಲು ತಟ್ಟುತ್ತೇನೆ. ಓದುವಾಗ ನಡುವೆ ಬಾಯಿ ಹಾಕುವುದಿಲ್ಲ. ನಿಮ್ಮ ಬೆರಳು ಎಡವಿರಲಿಲ್ಲ, ರತ್ನಕ್ಕ. ಓದಿದ ಮೇಲೆ ನೀವು ಬಾಗಿಲು ಹಾಕಿಕೊಂಡರೂ ಸರಿಯೇ—ಟೈಪ್ ಮಾಡುವಾಗ ಮಾತ್ರ ಮತ್ತೆ ಕೆಳಗೆ ನೋಡಬೇಡಿ.