ಮಹಿಷಾಸುರ ಸೋಲಬೇಕಾದ ದಿನ

ಅತನೂರಿಗೆ ಹೆಣ್ಣು ನೋಡಲು ಹೋದ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಎರಡು ಪುಟ ಇವೆ. ಅವನ್ನು ನಾನು ಪೂರ್ತಿ ನಂಬುವುದಿಲ್ಲ. ಬರೆದವನು ಹೆಣ್ಣಿನ ಮನೆಯವರ ಒಪ್ಪಿಗೆಗಾಗಿ ಚಡಪಡಿಸುತ್ತಿದ್ದ ಮನುಷ್ಯ. ತನ್ನ ಬಗ್ಗೆ ಚೆನ್ನಾಗಿಯೇ ಬರೆದುಕೊಂಡಿರುತ್ತಾನೆ.

ಇಷ್ಟು ಖಚಿತ: ಆಳಂದದಿಂದ ಹೊರಟ ಬಸ್ಸಿನಲ್ಲಿ ನಾನು ಮೊಬೈಲಿನಲ್ಲಿ ಆಟ ಆಡುತ್ತಿದ್ದೆ. ಪಕ್ಕದಲ್ಲಿ ಸೋದರಮಾವ ಗೊರಕೆ ಹೊಡೆಯುತ್ತಿದ್ದರು. ಜಗತ್ತಿನ ದೇವರುಗಳನ್ನೆಲ್ಲ ಒಂದೇ ಅಖಾಡಕ್ಕೆ ಇಳಿಸಿ ಬಡಿದಾಡಿಸುವ ಆಟ ಅದು. ಈಜಿಪ್ಟಿನ ನಾಯಿಮುಖದ ದೇವರು, ಎಲ್ಲಿಯದೋ ಹಿಮದ ನಾಡಿನ ಸುತ್ತಿಗೆಯ ದೇವರು, ಎಂಟು ಕೈಯ ನಮ್ಮ ದೇವಿ. ಮಾಡಿದವರು ಯಾವ ದೇಶದವರೋ, ದೇವಿಗೆ ಮೊಣಕಾಲುದ್ದ ಬೂಟು ಹಾಕಿದ್ದರು, ಸಿಂಹಕ್ಕೆ ರೆಕ್ಕೆ ಹಚ್ಚಿದ್ದರು. ಪ್ರತಿ ಹೆಸರಿನ ಕೆಳಗೆ ಶಕ್ತಿ ಇಷ್ಟು, ವೇಗ ಇಷ್ಟು ಎಂದು ಅಂಕಿ, ಥೇಟ್ ಮಾರ್ಕ್ಸ್ ಕಾರ್ಡಿನ ಹಾಗೆ. ದೇವಿ ಹದಿನೆಂಟು ಹಂತ ದಾಟಿದವರಿಗೆ ಮಾತ್ರ ಒಲಿಯುತ್ತಿದ್ದಳು. ಮಹಿಷಾಸುರ ಮೊದಲ ದಿನವೇ ಸಿಗುತ್ತಿದ್ದ.

ನಾನು ಜಾನಪದದಲ್ಲಿ ಎಂ.ಎ. ಮಾಡಿದವನು. ಸೋತವರ ಕಥೆಯನ್ನು ಸೋತವರ ಕಡೆಯಿಂದಲೇ ಕೇಳಬೇಕೆಂದು ಕಾಲೇಜಿನಲ್ಲಿ ಪಾಠ ಹೇಳುವವನು. ಮಹಿಷನನ್ನು ಆರಿಸಿಕೊಂಡದ್ದಕ್ಕೆ ಅದೇ ಕಾರಣ ಎಂದು ಗೆಳೆಯರಿಗೆ ಹೇಳುತ್ತಿದ್ದೆ. ಹದಿನೆಂಟು ಹಂತ ದಾಟುವುದು ನನ್ನಿಂದ ಆಗಿರಲಿಲ್ಲ ಎಂಬುದು ಇನ್ನೊಂದು ಕಾರಣ.

ಅದು ನಾನು ನೋಡಲು ಹೋದ ನಾಲ್ಕನೆಯ ಮನೆ. ಹಿಂದಿನ ಮೂರು ಮನೆಯವರು ಅತಿಥಿ ಉಪನ್ಯಾಸಕ ಎಂದರೇನು ಎಂದು ಕೇಳಿ, ತಿಳಿದುಕೊಂಡು, ಮತ್ತೆ ಸುದ್ದಿ ಕಳಿಸಿರಲಿಲ್ಲ. ಈ ಹುಡುಗಿ ಮಂಡಕ್ಕಿ ಸುಸಲಾ ತುಂಬಿದ ತಟ್ಟೆ ಇಡುವಾಗ ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದಳು. "ಖಾರ ಆಗ್ಯಾದ, ಜರಾ ನೀರು ತಗೋರಿ" ಎಂದಳು. ಅಷ್ಟಕ್ಕೇ ಈ ಸಂಬಂಧ ತಪ್ಪಬಾರದು ಎಂದು ನನಗೆ ಅನಿಸಿಬಿಟ್ಟಿತು.

ಮನೆಗೆ ಹಿರಿಯರು ಅವಳ ದೊಡ್ಡಪ್ಪ. ಹಣೆ ತುಂಬ ವಿಭೂತಿ. ನಮ್ಮ ಕಡೆ ನೌಕರಿಗಿಂತ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಮನಿದೇವ್ರು ಯಾರ್ರಿ?"

"ತುಳಜಾಪುರದ ಅಂಬಾಭವಾನಿರಿ" ಎಂದರು ಮಾವ.

ಮೂಲೆಯಲ್ಲಿ ಕೂತಿದ್ದ ಹುಡುಗಿಯ ಆಯಿ, ಅಂದರೆ ಅಜ್ಜಿ, ಕೂತಲ್ಲೇ ಕೈಮುಗಿದರು. ಎಲ್ಲ ಸರಿಹೋಗುತ್ತಿತ್ತು. ನಿಮ್ಮ ಮನೆಯ ಫೋಟೊ ಇದ್ದರೆ ತೋರಿಸಿ ಎಂದರು ದೊಡ್ಡಪ್ಪ. ಮಾವ ನನ್ನ ಕಿಸೆಯಿಂದ ಮೊಬೈಲು ಎಳೆದು, ನನ್ನ ಹೆಬ್ಬೆರಳು ಹಿಡಿದು ಅದರ ಮೇಲೆ ಒತ್ತಿ, ಅವರ ಕೈಗೆ ಕೊಟ್ಟರು. ಬಸ್ಸಿನಲ್ಲಿ ನಿಲ್ಲಿಸಿದ್ದ ಆಟಕ್ಕೆ ಎಚ್ಚರವಾಯಿತು. ಗೆಲುವಿನ ಕಹಳೆ ಮೊಳಗಿತು. ಪರದೆ ತುಂಬ ಕೋಣನ ತಲೆಯ ಮಹಿಷ, ಅವನ ಕಾಲ ಕೆಳಗೆ ದೇವಿ, ಮೇಲೆ ನನ್ನ ಹೆಸರು.

ದೊಡ್ಡಪ್ಪ ಮೊಬೈಲನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಇದೇನ್ರಿ ತಮ್ಮಾ? ಮನಿದೇವ್ರನ್ನ ತುಳಿಯಾಕತ್ತೀರಲ್ಲ?"

"ಅದು ಬರೇ ಆಟರೀ."

"ಆಟ ಖರೇ. ಆಡಾಂವ ಯಾರು? ಹೆಸರು ನಿಮ್ಮದೇ ಅದ."

ಸುಮ್ಮನಿರಬೇಕಿತ್ತು. ನಾನು ಪಾಠ ಶುರುಮಾಡಿದೆ. ಕೋಣ ದುಡಿಯುವ ಜನರ ಹಳೆಯ ದೈವ, ಗೆದ್ದವರು ಅವನನ್ನು ರಾಕ್ಷಸ ಮಾಡಿದರು ಎಂದೆ. "ನಿಮ್ಮ ಹೊಲದ ಬದುವಿನಾಗೂ ಮಸೋಬಾನ ಕಲ್ಲು ಇರ್ಬೇಕಲ್ರಿ? ಸಿಂಧೂರ ಹಚ್ಚಿ ಕಾಯಿ ಒಡೀತೀರಲ್ಲ? ಅಂವನೂ ಇವನೇರಿ."

"ಮಸೋಬಾ ನಮ್ಮ ಹೊಲಾ ಕಾಯ್ತಾನ. ನಿಮ್ಮಾಂವ ಏನ್ ಕಾಯ್ತಾನ್ರಿ?"

"ಬ್ಯಾಟರಿ ತಿಂತಾನ್ರಿ" ಎಂದರು ಸೋದರಮಾವ. ಅವರು ಬಂದದ್ದು ನನ್ನ ಕಡೆಯಿಂದ.

ಆಗ ಎಲ್ಲರೂ ನಕ್ಕರು ಎಂದು ದಿನಚರಿಯಲ್ಲಿದೆ. ನನಗೆ ನೆನಪಿರುವುದು ಫ್ಯಾನಿನ ಸದ್ದು ಮಾತ್ರ.

ತೀರ್ಪು ಆಯಿಯಿಂದ ಬಂತು. "ಬಿದ್ದ ದೇವೀನ ಹಂಗೇ ಬಿಟ್ಟು ಏಳಬಾರ್ದು. ಎಬ್ಬಸ್ರಿ ಆಕೀನ. ಆಕಿ ಗೆದ್ದಮ್ಯಾಲ ಮುಂದಿನ ಮಾತು." ದೊಡ್ಡಪ್ಪನಿಗೂ ಇದು ಶಾಸ್ತ್ರಕ್ಕೆ ಸರಿ ಎನಿಸಿತು. ಅಂದರೆ ನಾನು ಎಲ್ಲರ ಎದುರು ಮಹಿಷನಾಗಿ ಆಡಿ ಸೋಲಬೇಕು. ಇಲ್ಲವಾದರೆ ಚಹಾ ಕುಡಿದು ಆಳಂದಕ್ಕೆ ವಾಪಸು.

ಸೋಲುವುದೇನು ಮಹಾ ಎಂದುಕೊಂಡೆ. ದೇವಿಯನ್ನು ಆಡಿಸುತ್ತಿದ್ದುದು ಆಟದ ಯಂತ್ರ. ಮಹಿಷನನ್ನು ಸುಮ್ಮನೆ ನಿಲ್ಲಿಸಿದೆ. ದೇವಿ ಓಡಿಬಂದಳು, ಕಂಬಕ್ಕೆ ಡಿಕ್ಕಿ ಹೊಡೆದಳು, ಮತ್ತೆ ಮತ್ತೆ ಅದೇ ಕಂಬಕ್ಕೆ ಡಿಕ್ಕಿ ಹೊಡೆದು ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡಳು. ಕಹಳೆ. ಎರಡನೆಯ ಸಲ ಮಹಿಷನನ್ನು ಅವಳ ತ್ರಿಶೂಲದ ಎದುರಿಗೇ ಒಯ್ದು ನಿಲ್ಲಿಸಿದೆ. ಅವಳು ಹಿಂದೆ ಸರಿಯುತ್ತ ಸರಿಯುತ್ತ ಕಟ್ಟೆಯಿಂದ ಕೆಳಗೆ ಬಿದ್ದಳು. ಮತ್ತೆ ಕಹಳೆ. ದೊಡ್ಡಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು, ಏಳುವವರ ಹಾಗೆ.

"ಯಂತ್ರದ ದೇವಿ ಹಂಗೇ ದೊಡ್ಡಪ್ಪಾ, ಆಕಿಗೆ ಬುದ್ಧಿ ಇಲ್ಲ" ಎಂದು ಅಡುಗೆಮನೆಯ ಬಾಗಿಲಿನಿಂದ ಹುಡುಗಿಯ ದನಿ ಬಂತು. "ನನ್ನ ಹತ್ರ ಖರೇ ದೇವಿ ಅದಾಳ."

ಎಲ್ಲರ ತಲೆ ಅತ್ತ ತಿರುಗಿತು. "ನಿನ್ನ ಹತ್ರ ಎಲ್ಲಿಂದ ಬಂದ್ಳು ಬೇ?" ಎಂದರು ದೊಡ್ಡಪ್ಪ.

"ಹದಿನೆಂಟು ಹಂತ ಮುಗಿಸೇನಿ, ಬಂದಾಳ."

ಆಯಿ ಅದನ್ನು ಯಾವುದೋ ವ್ರತ ಎಂದುಕೊಂಡರು. "ಮತ್ತ! ಸುಮ್ಮನ ಒಲೀತಾಳೇನ?" ಎಂದು ಮೊಮ್ಮಗಳ ಪರ ನಿಂತರು.

ಹುಡುಗಿ ಕೈ ಒರೆಸಿಕೊಂಡು ತನ್ನ ಮೊಬೈಲು ತಂದು ನನ್ನ ಎದುರು ಕೂತಳು. ಎರಡೂ ಮೊಬೈಲು ಜೋಡಿಸಿದೆವು. ಅವಳ ದೇವಿ ಕಂಬದ ಹತ್ತಿರವೂ ಹೋಗಲಿಲ್ಲ. ನೇರ ಬಂದಳು, ನಾಲ್ಕು ಏಟು, ಮಹಿಷ ಮಣ್ಣು ಮುಕ್ಕಿದ. "ಉಧೋ! ಉಧೋ!" ಎಂದು ಆಯಿ ಕೂಗಿ, ದೇವರ ಮಾಡದಿಂದ ಭಂಡಾರ ತಂದು ಮೊಮ್ಮಗಳ ಮೊಬೈಲಿಗೆ ಹಚ್ಚಿದರು. ನನ್ನದರ ಕಡೆ ನೋಡಿ ಅದಕ್ಕೂ ಒಂದು ಚಿಟಿಕೆ ಹಾಕಿದರು: "ಸತ್ತಾನ, ಪಾಪ." ಸಂಬಂಧ ಒಪ್ಪಿದ ಗುರುತಿಗೆ ದೊಡ್ಡಪ್ಪ ಸಕ್ಕರೆ ತರಲು ಹೇಳಿದರು. ಸ್ಪೀಕರಿನ ತೂತುಗಳಲ್ಲಿ ಆ ಅರಿಶಿನ ಇನ್ನೂ ಕೂತಿದೆ. ಅಂದಿನಿಂದ ಕಹಳೆಗೆ ನೆಗಡಿ ಹಿಡಿದಂತಿದೆ.

ದಿನಚರಿಯ ಕೊನೆಯ ಸಾಲು ಹೀಗಿದೆ: "ಸಂಬಂಧ ಉಳಿಯಲೆಂದು ಬೇಕಂತಲೇ ಸೋತೆ." ಆದರೆ ಆ ನಾಲ್ಕು ಏಟಿನ ಹೊತ್ತಿನಲ್ಲಿ ಮದುವೆಯೂ ಮರೆತು, ಮನೆದೇವರೂ ಮರೆತು, ಹೇಗಾದರೂ ಗೆಲ್ಲಬೇಕೆಂದು ಎರಡೂ ಹೆಬ್ಬೆರಳು ಬಡಿದ ಹಾಗೆಯೂ ನೆನಪು. ಯಾವುದು ಖರೆ ಎಂದು ತಿಳಿಯಲು ಮೊನ್ನೆ ಆ ಸಾಲನ್ನು ಹೆಂಡತಿಗೆ ಓದಿ ಹೇಳಿದೆ.

"ಬೇಕಂತ ಸೋಲಾವ್ರು ಹಂಗ ಬೆವರ್ತಾರೇನ್ರಿ?" ಎಂದಳು.