ಸರಕಾರಿ ಗೊಬ್ಬರ ಕಾಣದ ಹುಲ್ಲು

ಇವತ್ತು ಬೆಳಿಗ್ಗೆ ಬೈಕು ಒರೆಸಲೆಂದು ಸೀಟಿನ ಕೆಳಗೆ ಕೈ ಹಾಕಿದಾಗ ಒಂದು ಹಳದಿ ಚಿಂದಿ ಸಿಕ್ಕಿತು. ಸತ್ತಿ ಊರಿನ ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ, ಹಳೆಯ ಸೀರೆಯ ತುಂಡು. ಮೂಸಿ ನೋಡಿದೆ, ಒಣಹುಲ್ಲಿನ ವಾಸನೆ. ಎರಡು ವರ್ಷ ಬೈಕಿನೊಳಗಿದ್ದ ಬಟ್ಟೆಗೆ ಪೆಟ್ರೋಲಿನದಲ್ಲದೆ ಬೇರೆ ವಾಸನೆ ಇರುವುದು ಕಷ್ಟ ಎಂದು ನೀವು ಹೇಳಬಹುದು. ಇರಲಿ. ನನಗಂತೂ ಹುಲ್ಲಿನದೇ ವಾಸನೆ ಬಂತು, ಬೈಕು ಒರೆಸುವುದು ಅಲ್ಲಿಗೇ ನಿಂತಿತು.

ನಾನು ದಿನಚರಿ ಬರೆಯುವವನು. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಚಪಾತಿ ತಿಂದೆ, ಚಿಕ್ಕೋಡಿಯ ಬಸ್ಸು ಎಷ್ಟು ತಡವಾಯಿತು, ಎಲ್ಲವೂ ಅದರಲ್ಲಿ ದಾಖಲು. ಒಮ್ಮೆ ನನ್ನ ತಂಗಿ ಕದ್ದು ಓದಿ, "ಇದರಾಗ ನೀ ಎಲ್ಲಿ ಅದಿ? ಬರೇ ಚಪಾತಿ ಅದಾವ" ಎಂದಿದ್ದಳು. ಇಂಥವನ ಕೈಗೆ ಒಂದು ಜಗಳ ಸಿಕ್ಕರೆ ಅದನ್ನೂ ಅಳತೆಗೆ ಹಚ್ಚದೆ ಬಿಡುವುದುಂಟೆ?

ಜಗಳ ಕಾಕಾ ಮತ್ತು ಕಾಕುವಿನದು. ಅವರ ಹೊಲದ ತುಂಬ ಕಬ್ಬು. ಬಾವಿಯ ಪಕ್ಕದ ಒಂದು ತುಣುಕಿನಲ್ಲಿ ಮಾತ್ರ ಕಾಕು ತನ್ನ ಎಮ್ಮೆಗಳಿಗೆಂದು ಗಿನಿ ಹುಲ್ಲು ಬೆಳೆಸಿದ್ದಳು. ಅದನ್ನು ಕೊಯ್ದು, ಒಣಗಿಸಿ, ಪೆಂಡಿ ಕಟ್ಟಿ, ಬೇಸಿಗೆಗೆಂದು ಬಣವೆ ಒಟ್ಟುವುದು ಅವಳಿಗೊಂದು ಸಂಭ್ರಮ. ಮನೆಗೆ ಬಂದವರಿಗೆ ಮೊದಲು ಬಣವೆ ತೋರಿಸಿ, ಆಮೇಲೆ ಚಹಾ ಕೊಡುತ್ತಿದ್ದಳು. ಕಾಕಾನ ಕಣ್ಣು ಮಾತ್ರ ಆ ತುಣುಕಿನ ಮೇಲೆ. ಕಬ್ಬಿಗೆಂದು ತಂದ ಯೂರಿಯಾವನ್ನು ಹುಲ್ಲು ತಿನ್ನುತ್ತದೆ ಎಂಬುದು ಅವರ ಸಂಕಟ. ನಮ್ಮ ಕಡೆ ಚೀಲದಲ್ಲಿ ಬರುವ ಗೊಬ್ಬರಕ್ಕೆಲ್ಲ ಸರಕಾರಿ ಗೊಬ್ಬರ ಅಂತಲೇ ಹೆಸರು. ಒಂದು ದಿನ ಊಟಕ್ಕೆ ಕುಳಿತಾಗ ತೀರ್ಪು ಬಂತು.

"ಸರಕಾರಿ ಗೊಬ್ಬರ ಇಲ್ದ ಬೆಳದ್ರ ಬೆಳೀಲಿ. ಇಲ್ಲಂದ್ರ ಅಲ್ಲೂ ಕಬ್ಬು ಹಚ್ಚೂದ."

ಕಾಕುವಿನ ಕೈಯ ಸೌಟು ಸಾರಿನ ಪಾತ್ರೆಗೆ ಸ್ವಲ್ಪ ಜೋರಾಗಿ ಬಡಿಯಿತು. ನಾನು ನಡುವೆ ಬಾಯಿ ಹಾಕಿ, ಪರೀಕ್ಷೆ ಮಾಡಿ ನೋಡೋಣ ಎಂದೆ.

ಹುಲ್ಲು ಕೊಯ್ದ ಮೇಲೆ ತುಣುಕನ್ನು ನಾಲ್ಕು ಪಟ್ಟಿ ಮಾಡಿದೆ. ಮೂರಕ್ಕೆ ಯೂರಿಯಾ ಹಾಕಿ ನೀರು ಬಿಟ್ಟೆ: ಒಂದಕ್ಕೆ ಕಡಿಮೆ, ಒಂದಕ್ಕೆ ಮಧ್ಯಮ, ಒಂದಕ್ಕೆ ಹೆಚ್ಚು. ಗುರುತಿಗೆ ಕೋಲು ನೆಟ್ಟು ಕೆಂಪು ಚಿಂದಿ ಕಟ್ಟಿ, ಒಂದು ಗಂಟು, ಎರಡು ಗಂಟು, ಮೂರು ಗಂಟು ಹಾಕಿದೆ. ನಾಲ್ಕನೆಯದಕ್ಕೆ ಬರೀ ನೀರು, ಹಳದಿ ಚಿಂದಿ. ಪ್ರತಿ ಭಾನುವಾರ ಟೇಪು ಹಿಡಿದು ಹೋಗಿ ಅಳೆಯುತ್ತಿದ್ದೆ. ಎಮ್ಮೆಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದವು.

ಮೊದಲ ಭಾನುವಾರ ಎಲ್ಲ ನಿರೀಕ್ಷೆಯಂತೆಯೇ ಇತ್ತು, ಹಳದಿ ಚಿಂದಿಯ ಹುಲ್ಲು ಜ್ವರ ಬಂದವರಂತೆ ಬಿಳುಚಿಕೊಂಡಿತ್ತು. ಆಮೇಲೆ ಅದು ಚೇತರಿಸಿಕೊಂಡಿತು. ಕೊಯ್ಲು ಹತ್ತಿರ ಬರುವ ಹೊತ್ತಿಗೆ ಅದಕ್ಕೂ ಕೆಂಪು ಚಿಂದಿಯವುಗಳದೇ ಎತ್ತರ, ಅದೇ ಕಡು ಹಸಿರು. ನಾನು ದಿನಚರಿಯಲ್ಲಿ ಕಾರಣಗಳನ್ನು ಹುಡುಕಿದೆ. ಅಲ್ಲಿ ಹಿಂದೆ ತಿಪ್ಪೆ ಇದ್ದಿರಬಹುದು. ಕಬ್ಬಿನ ನೀರು ಬಸಿದು ಬಂದಿರಬಹುದು. ಗಾಳಿಯಲ್ಲಿ ಹೇಗೂ ಸಾರಜನಕ ಇದೆ, ಈ ಹುಲ್ಲು ಅದನ್ನು ನೇರವಾಗಿ ಹಿಡಿಯಲು ಕಲಿತಿರಬಹುದು. ಈ ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಈಗ ಆ ಪುಟ ಬಂದರೆ ಬೇಗ ತಿರುವುತ್ತೇನೆ.

ಕೊಯ್ಲಿನ ದಿನ ಕಾಕಾ ಹಳದಿ ಪಟ್ಟಿಯ ಒಂದು ಪೆಂಡಿಯನ್ನು ಎತ್ತಿ ನೋಡಿದರು, ಇಳಿಸಿದರು, ಮತ್ತೆ ಎತ್ತಿದರು. ಆಮೇಲೆ ಸೀದಾ ಚಹಾದಂಗಡಿಗೆ ನಡೆದರು. ಸರಕಾರಿ ಗೊಬ್ಬರ ಕಾಣದೆ ಬೆಳೆಯುವ ಹುಲ್ಲು ತಮ್ಮ ಹೊಲದಲ್ಲಿದೆ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ತುಣುಕು ಹುಲ್ಲಿಗೇ ಉಳಿಯಿತು.

ನಾನು ಕೋಲಿನ ಚಿಂದಿ ಬಿಚ್ಚುತ್ತಿದ್ದಾಗ ಕಾಕು ಬಂದು ಪಕ್ಕದಲ್ಲಿ ನಿಂತಳು.

"ಮೂರು ಮಂದಿಗಿ ಉಣ್ಣಾಕ ನೀಡಿ, ಒಬ್ಬಾಕೀನ ಗ್ವಾಡಿಗಿ ಮಾರಿ ಮಾಡಿ ಕುಂದ್ರಿಸಿದಂಗ ಕಾಣತಿತ್ತು, ತಮ್ಮಾ. ಒಂದೊಂದು ಹಿಡಿ ಗೊಬ್ಬರ ಹಾಕೀನಿ."

"ದಿನಾ?"

"ಹಸಿವು ದಿನಾ ಆಗೂದಿಲ್ಲೇನು?"

ಕಾಕಾ ಹಾಕಿದ ಷರತ್ತು ಮನಸ್ಸಿನಲ್ಲಿತ್ತೇ ಎಂದು ಕೇಳಿದೆ. ಅದರ ನೆನಪೇ ಇರಲಿಲ್ಲವಂತೆ, ಬಿಳುಚಿದ್ದನ್ನು ನೋಡಲಾಗಲಿಲ್ಲವಂತೆ. ಹಾಗಾದರೆ ಕಾಕಾಗೆ ನಿಜ ಹೇಳಬೇಕಾಗುತ್ತದೆ ಎಂದೆ, ದಿನಚರಿ ಬರೆಯುವವನ ಗಾಂಭೀರ್ಯದಿಂದ.

"ಹೇಳು. ನಾಳೆ ಇಲ್ಲಿ ಕಬ್ಬು ಹಚ್ಚತಾರ. ಬ್ಯಾಸಗ್ಯಾಗ ನಿನ್ನ ಡೈರಿ ಹರದು ಎಮ್ಮಿಗಿ ಹಾಕೂಣು."

ಎಮ್ಮೆ ಅದನ್ನು ತಿನ್ನುವುದಿಲ್ಲವೆಂದು ನನಗೆ ಖಾತ್ರಿ ಇತ್ತು. ಹಳದಿ ಚಿಂದಿಯನ್ನು ಜೇಬಿಗೆ ಹಾಕಿಕೊಂಡು ಬಾಯಿ ಮುಚ್ಚಿದೆ.

ಅಲ್ಲಿಂದ ಆ ತುಣುಕು ಹೆಸರಿಗೆ ಗೊಬ್ಬರವಿಲ್ಲದ್ದು. ಕಾಕು ಮಾತ್ರ ಸಂಜೆ ಸಂಜೆ ಬಟ್ಟಲು ಹಿಡಿದು ಕೋಳಿಗೆ ಕಾಳು ಹಾಕಿದಂತೆ ಯೂರಿಯಾ ಹಾಕುತ್ತಿದ್ದಳು. ಮರುವರ್ಷ ಹುಲ್ಲು ಎದೆಯೆತ್ತರ ಬೆಳೆದು, ಯಾರೋ ಮೇಲೆ ಉರುಳಾಡಿ ಹೋದಂತೆ ನೆಲಕ್ಕೆ ಮಲಗಿತು. ಕೊಯ್ದು ಹರಡಿದರೆ ಒಣಗಲೊಲ್ಲದು, ದಂಟಿನ ತುಂಬ ರಸ. ಬಣವೆ ಬಿಚ್ಚಿದರೆ ಒಳಗೆ ಬಿಸಿ, ಬೂಷ್ಟು ಹಿಡಿದ ವಾಸನೆ. ಎಮ್ಮೆ ಒಮ್ಮೆ ಮೂಸಿ, ಅತ್ತ ತಿರುಗಿತು. ಬಂದವರಿಗೆ ಬಣವೆ ತೋರಿಸುವುದನ್ನು ಕಾಕು ನಿಲ್ಲಿಸಿದಳು. ಯೂರಿಯಾ ಹೆಚ್ಚಾದರೆ ಹೀಗೇ ಆಗುತ್ತದೆ, ದನಕ್ಕೂ ಒಳ್ಳೆಯದಲ್ಲ, ಕಡಿಮೆ ಮಾಡು ಎಂದು ಹೇಳಿದೆ. ಮಾಡಿದ್ದೇನೆ ಎಂದು ಆಣೆ ಹಾಕಿದಳು. ಹುಲ್ಲು ಮತ್ತೆ ಮಲಗಿತು. ಕಾಕುವಿನ ಆಣೆಯ ಮೇಲೆ ನನಗಿದ್ದ ನಂಬಿಕೆ ಕಡಿಮೆಯಾಯಿತು.

ಇವತ್ತು ಚಿಂದಿ ಹಿಡಿದು ಇದನ್ನೆಲ್ಲ ನೆನೆಯುತ್ತಿದ್ದಾಗ ಕಾಕಾನ ಫೋನು ಬಂತು. ದನಿ ಬಹಳ ಸಣ್ಣದು.

"ನಿನ್ನ ಕಾಕೂಗ ಹೇಳಬ್ಯಾಡ. ಚಹಾದಂಗಡ್ಯಾಗ ಅಷ್ಟು ಹೇಳ್ಕೊಂಡೀನಿ, ಹುಲ್ಲು ಕೈ ಕೊಟ್ರ ಮಾರಿ ಎಲ್ಲಿ ಇಟ್ಕೊಳ್ಳಿ? ಅದಕ್ಕ ನಸಕಿನ್ಯಾಗ ಒಂದೀಟು ಗೊಬ್ಬರ ಒಗೀತಿದ್ದೆ."

"ಒಂದೀಟು ಅಂದ್ರ ಎಷ್ಟ್ರಿ ಕಾಕಾ?"

"ಕೈಗಿ ಬಂದಷ್ಟು. ಈಗ ನೋಡಿದ್ರ ಮತ್ತ ಮಲಕೊಂಡೈತಿ. ಖರೇ ಎಷ್ಟು ಹಾಕಬೇಕು, ನಿನ್ನ ಲೆಕ್ಕದಾಗ ನೋಡಿ ಹೇಳು."

ನಾನು ಚಿಂದಿಯನ್ನು ಬಾಯಿಗೆ ಅಡ್ಡ ಹಿಡಿದು ನಗು ತಡೆದೆ. ಬೆಳಿಗ್ಗೆ ಕಾಕಾ, ಸಂಜೆ ಕಾಕು. ಚೀಲ ಬೇಗ ಕರಗುತ್ತಿದ್ದುದು ಇಬ್ಬರಿಗೂ ಕಂಡಿರಬೇಕು. ತನ್ನ ಕೈಯೇ ದೊಡ್ಡದಾಯಿತೆಂದುಕೊಂಡು ಇಬ್ಬರೂ ಸುಮ್ಮನಿದ್ದರು.

ಹಳೆಯ ದಿನಚರಿ ತೆಗೆದೆ. ನೆಟ್ಟಗೆ ನಿಂತು ಚೆನ್ನಾಗಿ ಒಣಗಿದ್ದು ಎರಡು ಗಂಟಿನ ಪಟ್ಟಿ. ಆ ಲೆಕ್ಕದಲ್ಲಿ ಇಡೀ ತುಣುಕಿಗೆ ಎರಡು ಬುಟ್ಟಿ ಸಾಕು. ಕಾಕಾಗೆ ಒಂದು ಬುಟ್ಟಿ ಎಂದೆ, ಕೊಯ್ದ ಮೇಲೆ ನೀರು ಬಿಡುವಾಗ ಒಮ್ಮೆ ಮಾತ್ರ, ದಿನಾ ಬೇಡ. ಸ್ವಲ್ಪ ಹೊತ್ತು ಬಿಟ್ಟು ಕಾಕುವಿಗೂ ಫೋನು ಮಾಡಿ, ಅವಳಿಗೂ ಒಂದು ಬುಟ್ಟಿ ಎಂದೆ.

"ಆತು. ನಿಮ್ಮ ಕಾಕಾಗ ಗೊತ್ತಾಗಬಾರದು ನೋಡು," ಎಂದಳು.

ಇದನ್ನು ಈ ವರ್ಷದ ದಿನಚರಿಯಲ್ಲಿ ಬರೆಯಲಿಲ್ಲ. ಮಧ್ಯಾಹ್ನದ ಚಪಾತಿಯನ್ನೂ ಎಣಿಸಲಿಲ್ಲ. ಹಳದಿ ಚಿಂದಿಗೆ ಎರಡು ಗಂಟು ಹಾಕಿ, ಮತ್ತೆ ಸೀಟಿನ ಕೆಳಗೆ ಇಟ್ಟೆ.